ತಟ್ಟೆ ಬದಲಿಸಿ ತೂಗಿದವರು

ನಾನು ಕೊಟ್ಟ ಜೆರಾಕ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು, ಆಮೇಲೆ ಮೂಲ ಕಾಗದದ ಪಕ್ಕದಲ್ಲಿಟ್ಟು, ಸಾಲು ಸಾಲಿಗೂ ಬೆರಳಿಟ್ಟು ಹೋಲಿಸಿ ಓದಿದ ಗಿರಾಕಿ ಈ ನಾಲ್ಕು ವರ್ಷದಲ್ಲಿ ಒಬ್ಬರೇ. ಹಿಂದೆ ನಿಂತಿದ್ದವರು ಗೊಣಗುತ್ತಿದ್ದರು. ಅವರು ತಲೆ ಎತ್ತಲಿಲ್ಲ.

"ಮಿಷಿನ್ನು ಸಾ, ಇದ್ದದ್ದು ಇದ್ದಂಗೇ ಬತ್ತದೆ," ಅಂದೆ.

"ಮಿಷಿನ್ ಸುಳ್ ಏಳಲ್ಲ ಅಂತ ನಿಂಗೆ ಯಾರವ್ವ ಏಳಿದ್ದು? ಮಿಷಿನ್ ಮಾರ್ದೋನಾ?"

ಅವರು ಕೊನೇ ಸಾಲಿನವರೆಗೂ ಓದಿ, ಮಡಚಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋದರು. ಎರಡು ಹೆಜ್ಜೆ ಇಟ್ಟವರು ತಿರುಗಿ ಬಂದು, ಜೆರಾಕ್ಸ್ ಮಿಷಿನ್ನಿನ ಮುಚ್ಚಳ ಎತ್ತಿ, ತಮ್ಮ ಕಾಗದ ಇನ್ನೊಂದೇನಾದರೂ ಒಳಗೆ ಉಳಿದಿದೆಯಾ ಅಂತ ನೋಡಿದರು.

ಅವರು ಹೋದ ತಿಂಗಳು ತೀರಿಕೊಂಡರು. ಏನಾದರೂ ಬರೆಯಬೇಕು ಅನ್ನಿಸಿತು. ಕೊಳ್ಳೇಗಾಲದ ಈ ಅಂಗಡಿಯ ಕಂಪ್ಯೂಟರಿನಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಮಾತಾಡಿದ ಹಾಗೆ ಟೈಪ್ ಮಾಡುತ್ತಿದ್ದೇನೆ. ಹಿಂದುಮುಂದಾದರೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಹೆಸರು ಬರೆಯುವುದಿಲ್ಲ. ಬರೆದರೆ "ಯಾಕ್ ಬರ್ದೆ? ನಿಂಗೇನ್ ಸಿಕ್ತದೆ?" ಅಂತ ಅಲ್ಲಿಂದಲೇ ಕೇಳಿಯಾರು. ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿಯವರು ಅಂತ.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಗೂಡಿನಂಥ ಅಂಗಡಿ ಇತ್ತು. ತಕ್ಕಡಿ ರಿಪೇರಿ. ಮೇಲಿನಿಂದ ಇಪ್ಪತ್ತು ಮೂವತ್ತು ತಕ್ಕಡಿಗಳು ನೇತಾಡುತ್ತಿದ್ದವು. ಸಂತೆಯ ದಿನಗಳಲ್ಲಿ ಮೊಪೆಡ್ಡಿನ ಮೇಲೆ ಹನೂರು, ಕೌದಳ್ಳಿ, ಯಳಂದೂರು ಸುತ್ತುತ್ತಿದ್ದರು. ಅಂಗಡಿಯವರು ವರ್ಷಕ್ಕೊಂದು ಸಲ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸಬೇಕಲ್ಲ, ಅದಕ್ಕೆ ಮೊದಲು ಇವರ ಕೈಗೆ ಕೊಟ್ಟು ಸರಿ ಮಾಡಿಸುತ್ತಿದ್ದರು. ಸರಿ ಮಾಡುವಾಗ ಇವರ ಕಣ್ಣಿಗೆ ಬೀಳಬಾರದ್ದೆಲ್ಲ ಬೀಳುತ್ತಿತ್ತು. ತಟ್ಟೆಯ ತಳಕ್ಕೆ ಅಂಟಿಸಿದ ಹುಣಿಸೆಹಣ್ಣು. ಸರಪಳಿಯಲ್ಲಿ ಒಂದು ಕೊಂಡಿ ಜಾಸ್ತಿ. ತಳ ಕೊರೆದು ಮೇಣ ತುಂಬಿದ ತೂಕದ ಕಲ್ಲು. ನಲವತ್ತು ವರ್ಷ ಅದನ್ನೇ ನೋಡಿದ ಮನುಷ್ಯ ಬೇರೆ ಏನನ್ನು ನಂಬಿಯಾರು ಹೇಳಿ?

ಅವರ ಅಂಗಡಿ ಎದುರಿಗೆ ಕೂರುತ್ತಿದ್ದ ಹೂವಿನಕ್ಕ ಮೊಳ ಹಾಕುವಾಗ ಇವರು ಕನ್ನಡಕ ಏರಿಸಿ ಅವಳ ಮೊಣಕೈಯನ್ನೇ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಟೇಪು ತಗೊಂಡು ಹೋಗಿ ಅವಳ ಕೈ ಅಳೆದೇಬಿಟ್ಟರು.

"ನಿನ್ ಮೊಳ ಒಂದೂವರೆ ಇಂಚ್ ಕಮ್ಮಿ ಅದೆ ಕಣವ್ವ."

"ದೇವ್ರು ಕೊಟ್ಟ ಕೈ ಕಣಪ್ಪೋ ಇದು! ಅವ್ನ್ ಮೇಲೇ ಕೇಸ್ ಆಕೋಗು. ಮೊದ್ಲು ನಿನ್ ಬಾಯಿಗೊಂದ್ ಮುದ್ರೆ ಒಡಿಸ್ಕೋ."

ಅವಳು ಆಮೇಲೆ ಒಂದು ತಿಂಗಳು ಇವರ ಮನೆಯವರಿಗೆ ಹೂವು ಕೊಡಲಿಲ್ಲ. ಅವರ ಹೆಂಡತಿ ನನ್ನ ಹತ್ತಿರ ಹೇಳಿ ನಗುತ್ತಿದ್ದರು: "ನಾ ಮಾಡ್ದ ಸಾರ್ಗೂ ಅಷ್ಟೇ ಕಣವ್ವ. ಮೊದ್ಲು ನಾ ತಿನ್ಬೇಕು, ಮಕ ನೋಡಿ ಆಮೇಲೆ ಅವ್ರು ಅನ್ನ ಕಲಸೋದು."

ಇನ್ನು ನಾವಿಬ್ಬರೂ ಆಡುತ್ತಿದ್ದ ಚೆಸ್ಸಿಗೆ ಬರುತ್ತೇನೆ. ನಾನು ಸತ್ತೇಗಾಲದವಳು, ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತೇನೆ. ಚೆಸ್ ಕಲಿತದ್ದು ಅದೇ ಬಸ್ಸಿನಲ್ಲಿ, ಅಣ್ಣನ ಹಳೇ ಫೋನಿನಲ್ಲಿ. ಮನೆಯಲ್ಲಿ ಬೋರ್ಡ್ ಇಲ್ಲ, ಹೇಳಿಕೊಡುವವರು ಇಲ್ಲ. ಗಿರಾಕಿ ಇಲ್ಲದಾಗ ಕೌಂಟರಿನ ಮೇಲೆ ಫೋನ್ ಇಟ್ಟುಕೊಂಡು ಆಡುತ್ತಿದ್ದೆ. ಎರಡನೇ ಸಲ ಜೆರಾಕ್ಸಿಗೆ ಬಂದಾಗ ತಕ್ಕಡಿಯವರು ಬಗ್ಗಿ ನೋಡಿದರು.

"ಯಾರ್ ಜತೆಗವ್ವ ಆಡ್ತಿರೋದು?"

"ಯಾರೋ ಬ್ರೆಜಿಲ್ಲೋರು ಸಾ."

"ನೋಡಿದೀಯಾ ಅವ್ರನ್ನ?"

"ಇಲ್ಲ ಸಾ."

"ಮನುಸ್ನೋ ಮಿಷಿನ್ನೋ ಎಂಗ್ ಗೊತ್ತಾಯ್ತು ಅಂಗಾರೆ?"

ನಾನು ನಕ್ಕೆ. ಅವರು ನಗಲಿಲ್ಲ. ಮಾರನೇ ದಿನ ಮಧ್ಯಾಹ್ನ ಕಂಕುಳಲ್ಲಿ ಮರದ ಬೋರ್ಡ್ ಇಟ್ಟುಕೊಂಡು ಬಂದರು. ಬೇಟೆ ಸಿಕ್ಕಿತು ಅಂತ ನನಗೆ ಖುಷಿ.

ಯಾಕೆಂದರೆ ನನ್ನ ಹತ್ತಿರ ಒಂದು ಅಸ್ತ್ರ ಇತ್ತು. ವಿಡಿಯೋ ನೋಡಿ ಕಲಿತ ಒಂದು ಆರಂಭ, ಬೆಂಕಿಯಂಥದ್ದು. ಆರನೇ ನಡೆಯಲ್ಲೇ ನನ್ನ ಕುದುರೆಯನ್ನು ಎದುರಾಳಿಯ ರಾಜನ ಮಗ್ಗುಲಲ್ಲಿರುವ ಸೈನಿಕನ ಮೇಲೆ ಬೀಳಿಸುವುದು. ಅಲ್ಲಿ ಕೂತ ಕುದುರೆ ಮಂತ್ರಿಗೂ ಆನೆಗೂ ಒಟ್ಟಿಗೇ ಗುರಿ ಇಡುತ್ತದೆ. ಹಾಗಾಗಿ ರಾಜನೇ ಮನೆ ಬಿಟ್ಟು ಬಂದು ಅದನ್ನು ಹೊಡೆಯಬೇಕು. ಹೊಡೆದ ತಕ್ಷಣ ನನ್ನ ಮಂತ್ರಿ ಚೆಕ್ ಕೊಡುತ್ತದೆ. ಆಗ ರಾಜ ಮುಂದೆ ನಿಂತ ತನ್ನ ಕುದುರೆಯನ್ನು ಉಳಿಸಿಕೊಳ್ಳಬೇಕಾದರೆ ಬೋರ್ಡಿನ ನಟ್ಟನಡುವಿಗೆ ನಡೆದು ಬರಬೇಕು. ಬಯಲಿಗೆ ಬಂದ ರಾಜನನ್ನು ಓಡಾಡಿಸಿ ಹೊಡೆಯುವುದು. ಒಂದು ಕುದುರೆ ಪುಕ್ಕಟೆ ಕೊಟ್ಟು ರಾಜನನ್ನು ಕೊಂಡುಕೊಳ್ಳುವ ವ್ಯಾಪಾರ. ಫೋನಿನಲ್ಲಿ ಅರ್ಧಕ್ಕರ್ಧ ಜನ ಇದಕ್ಕೇ ಬಿದ್ದುಹೋಗುತ್ತಿದ್ದರು.

ತಕ್ಕಡಿಯವರು ಬೀಳಲಿಲ್ಲ. ಮೂರನೇ ನಡೆಯಲ್ಲೇ ಅಂಚಿನ ಸೈನಿಕನನ್ನು ಒಂದು ಮನೆ ಮುಂದಕ್ಕಿಟ್ಟರು. ನನ್ನ ಕುದುರೆ ಕೂರಬೇಕಾದ ಮನೆಗೆ ಸರಿಯಾಗಿ ಕಾವಲು. "ಬೇಲಿ," ಅಂದರು. "ನಿನ್ ಕುದ್ರೆ ನನ್ ಅಂಗಳ್ದಾಗೆ ಕಾಲಿಡೋ ಅಂಗಿಲ್ಲ."

ನಾನು ಸೈನಿಕನನ್ನು ಪುಕ್ಕಟೆ ಕೊಟ್ಟರೆ ಅವರು ಮುಟ್ಟುತ್ತಿರಲಿಲ್ಲ. ಅದರ ಸುತ್ತ ಬೆರಳಾಡಿಸುತ್ತಿದ್ದರು. "ಯಾಕ್ ಕೊಟ್ಟೆ ಇದ್ನ?" ಅಂತ ನನ್ನನ್ನೇ ಕೇಳುತ್ತಿದ್ದರು. ನಿಜಕ್ಕೂ ಕೈತಪ್ಪಿ ಬಿಟ್ಟದ್ದನ್ನೂ ಮುಟ್ಟುತ್ತಿರಲಿಲ್ಲ. ಆಟ ಎಳೆದು ಎಳೆದು ನನಗೆ ನಿದ್ದೆ ಬರಿಸಿ ಗೆಲ್ಲುತ್ತಿದ್ದರು. ರಾಜ ಎರಡು ಮನೆ ಸರಿದು ಆನೆ ಅವನನ್ನು ದಾಟಿ ಬರುವ ನಡೆ ಇದೆಯಲ್ಲ, ಅದನ್ನು ಅವರು ಒಂದು ಸಲವೂ ಆಡಿದ್ದು ನೋಡಿಲ್ಲ. "ಊರ್ ಆಟ್ದಲ್ಲಿ ಇದಿಲ್ಲ. ರಾಜ ಒಂದೇ ಏಟ್ಗೆ ಎರಡ್ ಮನೆ, ಆನೆ ಅವನ್ ತಲೆ ಮೇಲಾಸಿ. ಈ ರೂಲು ಯಾರೋ ಸೋಲೋ ಟೈಮಲ್ಲಿ ಬರ್ಕಂಡಿದ್ದು," ಅನ್ನುತ್ತಿದ್ದರು.

ತಕ್ಕಡಿ ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ತೋರಿಸಿಕೊಟ್ಟದ್ದೂ ಅವರೇ. ಮೊದಲು ಖಾಲಿ ತಟ್ಟೆ ತೂಗಿ ಮುಳ್ಳು ನಡುವೆ ನಿಲ್ಲುತ್ತದಾ ನೋಡಬೇಕು. ಆಮೇಲೆ ಎಡಕ್ಕೆ ಕಲ್ಲು, ಬಲಕ್ಕೆ ಸಾಮಾನು. ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಇವರು ಅದಲುಬದಲು ಮಾಡುತ್ತಿದ್ದರು, ಸಾಮಾನು ಎಡಕ್ಕೆ, ಕಲ್ಲು ಬಲಕ್ಕೆ. ತಟ್ಟೆಗಳು ನೇತಾಡುವ ದಂಡ ಒಂದು ಕಡೆ ಕೂದಲೆಳೆಯಷ್ಟು ಉದ್ದ ಇದ್ದರೂ ಆಗ ಮುಳ್ಳು ವಾಲುತ್ತದೆ. "ಒಂದೇ ಕಡೆ ತೂಗಿ ಸರಿ ಅದೆ ಅಂದ್ರೆ ಅದು ಅರ್ಧ ಮಾತು ಕಣವ್ವ."

ಆಗ ನನಗೆ ಇದೆಲ್ಲ ಮುದುಕರ ಮಾತು ಅನ್ನಿಸಿತ್ತು.

ಯಳಂದೂರಿನ ಒಂದು ಕಲ್ಯಾಣಮಂಟಪದಲ್ಲಿ ಮೂರು ತಾಲ್ಲೂಕಿನವರಿಗೆ ಚೆಸ್ ಪಂದ್ಯ ಇಟ್ಟರು. ನಡೆಸುತ್ತಿದ್ದವರು ಒಬ್ಬ ಪಿ.ಟಿ. ಮೇಷ್ಟ್ರು. ಜಿಲ್ಲೆಗೆ ಹೋಗುವ ತಂಡವನ್ನು ಅಲ್ಲೇ ಆರಿಸುತ್ತಾರೆ ಅಂತ ಗೊತ್ತಾಗಿ ನಾನು ಹೆಸರು ಕೊಟ್ಟೆ. ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದು: "ಓಗು. ಆದ್ರೆ ಫೋನ್ ದೆಸೆಯಿಂದ ಏನಾರ ಮಾತ್ ಬಂತೋ, ಅವತ್ತೇ ಫೋನ್ ಒಲೆಗೆ." ಫೋನ್ ಹೋದರೆ ನನಗೆ ಬೋರ್ಡ್ ಹೋದ ಹಾಗೆ, ಎದುರಾಳಿ ಹೋದ ಹಾಗೆ, ಆಟವೇ ಹೋದ ಹಾಗೆ.

ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಚೆಂಡುಹೂವು ಇನ್ನೂ ಕಂಬಕ್ಕೆ ಸುತ್ತಿಕೊಂಡೇ ಇತ್ತು. ಬಾಗಿಲಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್ ಇಟ್ಟು ಎಲ್ಲರೂ ಫೋನ್ ಹಾಕಿ ಅಂದರು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಆ ರಾಶಿಯಲ್ಲಿ ಯಾರಾದರೂ ನನ್ನದನ್ನು ಎತ್ತಿಕೊಂಡು ಹೋದರೆ? ಅಣ್ಣನ ಫೋನು. ಸ್ವಿಚ್ ಆಫ್ ಮಾಡಿ ಬ್ಯಾಗಿನ ತಳದಲ್ಲಿ, ಬುತ್ತಿ ಡಬ್ಬಿಯ ಕೆಳಗೆ ಇಟ್ಟುಕೊಂಡು ಒಳಗೆ ಹೋದೆ. ತಕ್ಕಡಿಯವರೂ ಆಡಲು ಬಂದಿದ್ದರು. ಅವರು ಬಕೆಟ್ಟಿನ ಹತ್ತಿರ ನಿಂತು ಪ್ರತಿಯೊಬ್ಬರ ಕೈಯನ್ನೂ ನೋಡುತ್ತಿದ್ದರು. ನನ್ನ ಕೈಯನ್ನೂ ನೋಡಿದರು. ಆಮೇಲೆ ಹೋಗಿ ಪಿ.ಟಿ. ಮೇಷ್ಟ್ರ ಜೊತೆ ಏನೋ ಪಿಸುಮಾತಾಡಿದರು. ಮೇಷ್ಟ್ರು ತಿರುಗಿ ನನ್ನ ಕಡೆ ನೋಡಿದರು.

ಮಧ್ಯಾಹ್ನದ ಸುತ್ತಿನಲ್ಲಿ ನನ್ನ ಎದುರು ಕೂತವರು ಒಬ್ಬ ಗಣಿತದ ಲೆಕ್ಚರರ್. ಹೋದ ಸಲದ ಪಂದ್ಯ ಗೆದ್ದವರು. ಇಸ್ತ್ರಿ ಅಂಗಿ, ಎರಡು ಪೆನ್ನು. ನನಗೆ ಬಿಳಿ ಕಾಯಿ. ಅವರು ಬೇಲಿ ಹಾಕಲಿಲ್ಲ. ನನ್ನ ಅಸ್ತ್ರಕ್ಕೆ ಬಾಗಿಲು ತೆರೆದೇ ಇತ್ತು. ಯೋಚಿಸದೆ ಆಡಿದೆ. ಕುದುರೆ ಬಿತ್ತು, ರಾಜ ಹೊಡೆದ, ಮಂತ್ರಿ ಚೆಕ್, ರಾಜ ಬಯಲಿಗೆ. ಹತ್ತು ನಡೆಗೆ ನಾನು ತಗೊಂಡದ್ದು ಎರಡು ನಿಮಿಷ. ಲೆಕ್ಚರರ್ ಬೆವರುತ್ತಾ ಮುಕ್ಕಾಲು ಗಂಟೆ ತಗೊಂಡಿದ್ದರು.

ಹತ್ತನೇ ನಡೆಗೆ ಅವರು ಕೊಟ್ಟ ಉತ್ತರ ನಾನು ಎಲ್ಲೂ ನೋಡಿರಲಿಲ್ಲ. ತಲೆ ಖಾಲಿ. ಇಪ್ಪತ್ತು ನಿಮಿಷ ಕೂತೆ. ಬಾಯಿ ಒಣಗಿತು. ಎದ್ದು ಬ್ಯಾಗ್ ತಗೊಂಡು ಹೊರಗೆ ಹೋಗಿ, ನೀರು ಕುಡಿದು, ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ. ನೀರಿನ ಬಾಟಲಿ ಬ್ಯಾಗಿನಲ್ಲಿತ್ತು, ಅಷ್ಟಕ್ಕೇ ಬ್ಯಾಗ್ ತಗೊಂಡಿದ್ದು. ಬಂದು ಹೆದರಿಕೊಂಡು ಒಂಟೆಯನ್ನು ಹಿಂದಕ್ಕೆ ಎಳೆದೆ. ಆಮೇಲೆ ನಾಲ್ಕೈದು ನಡೆ ಕಳೆದ ಮೇಲೆ ಲೆಕ್ಚರರ್ ಬದುಕಿದೆ ಅಂದುಕೊಂಡು ಒಂದು ಸೈನಿಕನನ್ನು ತಿನ್ನಲು ಹೋದರು. ಅಲ್ಲಿ ಅವರ ರಾಜ ಸಿಕ್ಕಿಬಿದ್ದ. ಹತ್ತೊಂಬತ್ತನೇ ನಡೆಗೆ ಚೆಕ್‌ಮೇಟ್.

ಅವರು ಕೈ ಕೊಡಲಿಲ್ಲ. ನೇರ ಮೇಷ್ಟ್ರ ಹತ್ತಿರ ಹೋದರು.

"ಹತ್ತು ನಡೆ ಎರಡು ನಿಮಿಷದಲ್ಲಿ ಆಡಿದಾಳೆ. ಆಮೇಲೆ ಬ್ಯಾಗ್ ತಗೊಂಡು ಬಾತ್‌ರೂಮ್. ಬಂದು ಗೆದ್ದಳು. ಬ್ಯಾಗ್ ನೋಡಿ ಸರ್."

ನೋಡಿದರು. ಬುತ್ತಿ ಡಬ್ಬಿಯ ಕೆಳಗಿಂದ ಫೋನ್ ಬಂತು.

ಮಂಟಪ ಇಡೀ ನನ್ನನ್ನೇ ನೋಡುತ್ತಿತ್ತು. "ಸ್ವಿಚ್ ಆಫ್ ಆಗಿದೆ ಸಾ," ಅಂದೆ. ಆಫ್ ಮಾಡಲು ಎಷ್ಟು ಹೊತ್ತು ಅಂತ ಯಾರೋ ಹಿಂದಿನಿಂದ ನಕ್ಕರು. ಮೇಷ್ಟ್ರು ಪೆನ್ನು ತೆಗೆದು ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದರು. "ಹೊಡೆದುಹಾಕ್ತೀನಮ್ಮ. ನಿಮ್ಮ ಮನೆಗೂ ತಿಳಿಸ್ಬೇಕಾಗ್ತದೆ. ಅಪ್ಪನ ನಂಬರ್ ಹೇಳು."

ನನ್ನ ಕಣ್ಣು ತಕ್ಕಡಿಯವರನ್ನು ಹುಡುಕಿತು, ಸಹಾಯಕ್ಕಲ್ಲ. ಬೆಳಿಗ್ಗೆ ಪಿಸುಗುಟ್ಟಿದ್ದು ಇವರೇ, ಹೊಟ್ಟೆಕಿಚ್ಚಿನ ಮುದುಕ ಅಂತ ಶಪಿಸುವುದಕ್ಕೆ. ಅವರು ಆಗಲೇ ಎದ್ದು ಬರುತ್ತಿದ್ದರು.

"ಒಸಿ ತಡೀರಿ ಸಾ. ಒಡೆದಾಕೋಕ್ ಮುಂಚೆ ತೂಗಾನ."

"ಏನ್ ತೂಗ್ತೀರಿ? ಬೆಳಿಗ್ಗೆ ನೀವೇ ಅಲ್ವಾ ಹೇಳಿದ್ದು, ಆ ಹುಡುಗಿ ಬಕೆಟ್ಟಿಗೆ ಫೋನ್ ಹಾಕಲಿಲ್ಲ, ಒಂದು ಕಣ್ಣಿಡಿ ಅಂತ?"

"ನಾನೇ ಏಳಿದ್ದು. ಅನ್ಮಾನ ಅಂತ ಏಳ್ದೆ. ಕಳ್ಳಿ ಅಂತ ಏಳಿಲ್ಲ. ಅನ್ಮಾನ ಬಂದ್ರೆ ತೂಗ್ಬೇಕು ಸಾ, ಸುಮ್ಕೆ ಮಾತಾಡ್ಕಂಡ್ ಕೂರ್ಬಾರ್ದು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ತಕ್ಕಡಿಯವರು ನಾವಿಬ್ಬರೂ ನಡೆ ಬರೆದಿದ್ದ ಹಾಳೆಗಳನ್ನು ತಗೊಂಡು, ಜೇಬಿನಿಂದ ತೂಕದ ಕಲ್ಲಿನ ಮುದ್ರೆ ನೋಡುವ ಭೂತಗನ್ನಡಿ ತೆಗೆದು, ಕಿಟಕಿಯ ಹತ್ತಿರ ನಿಂತು ಓದಿದರು. ಆಮೇಲೆ ನನ್ನ ಮುಂದೆ ಬಂದರು. ಮುಖದಲ್ಲಿ ಕರುಣೆಯ ಒಂದು ಗೆರೆಯೂ ಇರಲಿಲ್ಲ.

"ಕಣ್ ಮುಚ್ಕೋ. ಮೊದಲ್ನೇ ನಡೆಯಿಂದ ಏಳು."

ಹೇಳಿದೆ. ನಡುನಡುವೆ ಅವರು ತಡೆದರು: "ಇಲ್ಲಿ ಅವ್ರು ಬೇರೆ ಆಡಿದ್ರೆ?" ಅದಕ್ಕೂ ಹೇಳಿದೆ. ಬಸ್ಸಿನಲ್ಲಿ ನೂರು ಸಲ ನೋಡಿದ ವಿಡಿಯೋ, ನೀರಿನ ಹಾಗೆ ಬಂತು. ಹತ್ತನೇ ನಡೆಯವರೆಗೂ.

"ಅನ್ನೊಂದ್ನೇದು?"

"ಗೊತ್ತಿಲ್ಲ ಸಾ."

"ಯಾಕ್ ಗೊತ್ತಿಲ್ಲ?"

"ವಿಡಿಯೋ ಅಲ್ಲಿಗೇ ಮುಗೀತದೆ ಸಾ."

ಮಂಟಪದಲ್ಲಿ ನಗು. ಲೆಕ್ಚರರ್ ಕೂಡ ತುಟಿ ಬಿಗಿದು ನಗು ನುಂಗಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಕಣ್ ಬುಡು. ಈಗ ತಟ್ಟೆ ಅದಲುಬದಲು," ಅಂದು ಕಾಯಿಗಳನ್ನು ಮೊದಲಿನಿಂದ ಜೋಡಿಸಿ ಬೋರ್ಡನ್ನೇ ತಿರುಗಿಸಿದರು. ಬಿಳಿ ಅವರ ಕಡೆ, ಕಪ್ಪು ನನ್ನ ಕಡೆ. ಅದೇ ಆಟ, ನನ್ನದೇ ಅಸ್ತ್ರ. ಅವರು ಪುಕ್ಕಟೆ ಏನನ್ನೂ ಕೊಡದ ಮನುಷ್ಯ, ನನ್ನ ರಾಜನ ಮಗ್ಗುಲಿಗೆ ಕುದುರೆ ತಂದು ಬೀಳಿಸಿದರು. ರಾಜನಿಂದ ಹೊಡೆದೆ. ಅವರ ಮಂತ್ರಿ ಚೆಕ್ ಕೊಟ್ಟಿತು. ರಾಜನನ್ನು ಬಯಲಿಗೆ ತಂದೆ. ಅಲ್ಲಿಯವರೆಗೆ ಗೊತ್ತಿತ್ತು. ಅವರು ಎರಡನೇ ಕುದುರೆಯನ್ನು ಹೊರಗೆ ತಂದು ನಡುವಿನ ನನ್ನ ಕುದುರೆಯ ಮೇಲೆ ಕಣ್ಣಿಟ್ಟರು.

ಇದೇ ಜಾಗಕ್ಕೆ ನಾನು ಬೇರೆಯವರನ್ನು ನೂರಾರು ಸಲ ತಂದಿದ್ದೆ. ಈಗ ಬಯಲಲ್ಲಿ ನಿಂತದ್ದು ನನ್ನ ರಾಜ. ಯೋಚನೆಗಿಂತ ಮೊದಲೇ ಕೈ ಹೋಗಿ ನನ್ನ ಕುದುರೆಯನ್ನು ಎತ್ತಿ ಅವರ ಕುದುರೆಯನ್ನು ಹೊಡೆಯಿತು.

ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗುವಂಥ ತಪ್ಪು ಅಂತ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಆ ಕುದುರೆ ಎತ್ತುವ ಹಾಗೇ ಇಲ್ಲ. ಅದರ ಹಿಂದೆ ಓರೆಗೆ ನನ್ನ ರಾಜ, ಮುಂದೆ ಓರೆಗೆ ಅವರ ಒಂಟೆ. ಕುದುರೆ ಎದ್ದರೆ ರಾಜ ಒಂಟೆಯ ಬಾಯಿಗೆ. ಅಂಥ ನಡೆಯನ್ನು ನಿಯಮವೇ ಒಪ್ಪುವುದಿಲ್ಲ. ಬಿಳಿ ಕಡೆಯಿಂದ ಆಡುವಾಗ ನಾನು ಕುದುರೆಯನ್ನು ಹೀಗೆ ಕಟ್ಟಿಹಾಕುವುದರ ಮೇಲೇ ಬದುಕುತ್ತಿದ್ದವಳು.

"ನೋಡಿ ಸರ್," ಅಂದರು ಲೆಕ್ಚರರ್. "ಇಷ್ಟೂ ಗೊತ್ತಿಲ್ಲದವಳು ನನ್ನನ್ನ ಗೆದ್ದದ್ದು ಹೇಗೆ?"

ಪಿ.ಟಿ. ಮೇಷ್ಟ್ರು ಮತ್ತೆ ಪೆನ್ನು ತಗೊಂಡರು. ನಾನು ಅಳುತ್ತಿದ್ದೆ. ತಕ್ಕಡಿಯವರು ಮಾತ್ರ ಆರಾಮವಾಗಿ ಕನ್ನಡಕ ಒರೆಸುತ್ತಿದ್ದರು.

"ಸಾ, ನಾನು ಎರಡ್ ಥರ ತಕ್ಕಡಿ ನೋಡಿವ್ನಿ. ಒಂದು ಕೆಟ್ಟಿರೋ ತಕ್ಕಡಿ, ಒಂದು ಮೋಸದ್ ತಕ್ಕಡಿ. ಕೆಟ್ಟಿರೋದು ಯಾವಾಗ್ಲೂ ಒಂದೇ ಕಡೆಗೆ ತಪ್ತದೆ, ಸಾವ್ರ ಸಲ ತೂಗಿದ್ರೂ ಅಷ್ಟೇ. ಮೋಸದ್ದು ಅಂಗಲ್ಲ. ಬೇಕಾದಾಗ ಸರಿ ತೂಗ್ತದೆ, ಬೇಕಾದಾಗ ತಪ್ತದೆ. ಈ ಹಾಳೆ ನೋಡಿ. ಹತ್ತರ ಗಂಟ ಬಾಯಿಪಾಠ. ಅದು ಎರಡ್ ನಿಮಿಷ್ದಲ್ಲೇ ಆಗ್ಬೇಕು, ಈಗ ಕಣ್ ಮುಚ್ಚಿ ಅದ್ಕಿಂತ ಬೇಗ ಒಪ್ಪಿಸಿದ್ಲು. ಅನ್ನೊಂದ್ನೇದು, ಬ್ಯಾಗ್ ತಕಂಡ್ ಓಗ್ ಬಂದ್ಮೇಲೆ ಆಡಿದ್ದು, ಹಿಂದಕ್ಕೆ ಓಡವ್ಳೆ. ಒಂಟೆನ ಅಂಗೇ ಬಿಟ್ಟು ಆನೆ ತಂದಿದ್ರೆ ನಿಮ್ಮ ಕತೆ ಅಲ್ಲೇ ಮುಗೀತಿತ್ತು ಸಾ, ನೀವೇ ನೋಡ್ಕಳಿ. ಫೋನ್ ನೋಡ್ಕಂಡ್ ಬಂದೋಳು ಯಾಕ್ ಹಿಂದಕ್ಕ್ ಓಡ್ತಾಳೆ?"

"ಬೇಕಂತಲೇ ಮಾಡಿರಬಹುದು," ಅಂದರು ಲೆಕ್ಚರರ್, ಆದರೆ ಹಾಳೆ ನೋಡುತ್ತಾ.

"ಬೇಕಂತ ಕೆಟ್ಟದಾಗ್ ಆಡೋಕೆ ಒಳ್ಳೇದು ಗೊತ್ತಿರ್ಬೇಕು. ಇವ್ಳಿಗ್ ಗೊತ್ತಿಲ್ಲ. ಈಗ್ ತಾನೇ ಎಲ್ರ ಮುಂದೆ ತೂಗ್ ತೋರಿಸ್ದೆ. ಒಂದ್ ತಟ್ಟೆ ಮಾತ್ರ ಅದೆ ಇವ್ಳ ತಾವ, ಇನ್ನೊಂದ್ ಇಲ್ಲ. ಕೆಟ್ಟಿರೋ ತಕ್ಕಡಿ ಕಣ ಸಾ ಇದು. ಮೋಸದ್ದಲ್ಲ."

ಮೇಷ್ಟ್ರು ಲೆಕ್ಚರರ್ ಮುಖ ನೋಡಿದರು. ಲೆಕ್ಚರರ್ ಬಹಳ ಹೊತ್ತು ಹಾಳೆ ನೋಡಿ ಏನೋ ಗೊಣಗಿದರು.

"ಜೋರಾಗ್ ಏಳಿ ಸಾ."

"ಸೈನಿಕನನ್ನ ತಿಂದದ್ದು ನಂದೇ ತಪ್ಪು ಅಂದೆ."

ಗೆಲುವು ನನ್ನದೇ ಅಂತ ಬರೆದರು. ಬಕೆಟ್ಟಿಗೆ ಫೋನ್ ಹಾಕದ್ದಕ್ಕೆ ಬೈದು, ಮುಂದಿನ ಸುತ್ತಿಗೆ ಕೂರಿಸಿದರು. ಅಪ್ಪನಿಗೆ ಫೋನ್ ಹೋಗಲಿಲ್ಲ. ಕೊನೆಯ ಎರಡು ಸುತ್ತುಗಳಲ್ಲಿ ಅಳು ತುಂಬಿದ ಕಣ್ಣಲ್ಲಿ ಕುದುರೆಯೂ ಒಂಟೆಯೂ ಒಂದೇ ಥರ ಕಾಣುತ್ತಿದ್ದವು. ಎರಡೂ ಸುತ್ತು ಸೋತೆ. ಜಿಲ್ಲೆಯ ತಂಡಕ್ಕೆ ಲೆಕ್ಚರರೇ ಹೋದರು.

ಸಂಜೆ ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ತಕ್ಕಡಿಯವರು ಮೊಪೆಡ್ಡಿಗೆ ಪೆಟ್ರೋಲ್ ಇದೆಯಾ ಅಂತ ಟ್ಯಾಂಕ್ ಅಲ್ಲಾಡಿಸಿ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಇತ್ತು, ಋಣವೂ ಇತ್ತು, ಯಾವುದು ಮೊದಲು ಅಂತ ಗೊತ್ತಾಗಲಿಲ್ಲ.

"ನೀವೇ ಚಾಡಿ ಏಳಿ, ನೀವೇ ಬುಡಿಸಿದ್ರಿ. ಯಾಕ್ ಸಾ?"

"ನಾ ಯಾರ್ನೂ ಬುಡಿಸ್ಲಿಲ್ಲ ಕಣವ್ವ. ತೂಗ್ದೆ. ಮುಳ್ ಆ ಕಡೆ ವಾಲಿದ್ರೆ ಅಂಗೇ ಏಳ್ತಿದ್ದೆ."

"ಈಗಾದ್ರೂ ನಂಬಿಕೆ ಬಂತಾ ನನ್ ಮೇಲೆ?"

ಅವರು ಟ್ಯಾಂಕ್ ಮುಚ್ಚಳ ತಿರುಗಿಸಿ, ಬಿಗಿಯಾಗಿದೆಯಾ ಅಂತ ಇನ್ನೊಂದು ಸಲ ತಿರುಗಿಸಿ ಹೇಳಿದರು: "ಇವತ್ತಿಗ್ ಬಂತು. ಮುದ್ರೆ ಅನ್ನೋದು ವರ್ಸಕ್ಕೊಂದ್ ಸಲ ಕಣವ್ವ, ಜೀವ್ಮಾನಕ್ಕಲ್ಲ."

ಆ ಮಾತು ನನಗೆ ಬಹಳ ದಿನ ಚುಚ್ಚಿತು. ಅವರು ಬೆಳಿಗ್ಗೆ ಪಿಸುಗುಟ್ಟದೇ ಇದ್ದಿದ್ದರೆ ಮೇಷ್ಟ್ರಿಗೆ ಲೆಕ್ಚರರ್ ಮಾತು ಅಷ್ಟು ಬೇಗ ಹತ್ತುತ್ತಿರಲಿಲ್ಲ, ಬ್ಯಾಗಿಗೂ ಕೈ ಹಾಕುತ್ತಿರಲಿಲ್ಲ ಅಂತ ಈಗಲೂ ಒಂದೊಂದು ಸಲ ಅನ್ನಿಸುತ್ತದೆ. ಆಮೇಲೆ ಅವರು ತೂಗಲು ಬರದೆ ಸುಮ್ಮನೆ ಕೂತಿದ್ದಿದ್ದರೆ ನಾನು ಇವತ್ತು ಚೆಸ್ ಆಡುತ್ತಿರಲಿಲ್ಲ ಅಂತಲೂ ಅನ್ನಿಸುತ್ತದೆ. ಎರಡನ್ನೂ ಎಷ್ಟು ಸಲ ಪಕ್ಕಪಕ್ಕ ಇಟ್ಟು ನೋಡಿದರೂ ನನಗೆ ತೀರ್ಮಾನ ಆಗಿಲ್ಲ.

ಅವರಂತೂ ಬಿಡಲಿಲ್ಲ. ಪಂದ್ಯ ಮುಗಿದ ಮುಂದಿನ ವಾರವೇ ಅಂಗಡಿಗೆ ಬಂದು ಬೋರ್ಡ್ ಬಿಚ್ಚಿ, ನನ್ನ ಕಡೆಗೆ ಕಪ್ಪು ಕಾಯಿ ತಿರುಗಿಸಿಟ್ಟರು. "ಆ ಇನ್ನೊಂದ್ ತಟ್ಟೆ ತೋರ್ಸು." ಕುದುರೆ ಬೀಳಿಸಿದರು. ಸೋತೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಅದೇ. ಸೋತೆ. ಹೂಗ್ಯಂ ಕಡೆಯ ಒಬ್ಬ ಅಂಗಡಿಯವನ ತಕ್ಕಡಿ ಸರಿಮಾಡಿ ಬರುವ ದಾರಿಯಲ್ಲಿ, ಬಿಸಿಲಲ್ಲಿ ಮೂರು ಬಸ್ಸು ಬದಲಿಸಿ ಬಂದ ದಿನವೂ ಆಡಿದರು. ಮೊಪೆಡ್ ಕೆಟ್ಟಿತ್ತಂತೆ. ಅವರು ಜೀವಮಾನದಲ್ಲಿ ಪುಕ್ಕಟೆ ಕೊಟ್ಟ ಕುದುರೆಗಳೆಲ್ಲ ನನ್ನನ್ನು ತೂಗುವುದಕ್ಕೆ ಕೊಟ್ಟವೇ.

ನಾನೂ ಹಟ ಹಿಡಿದೆ. ಬಸ್ಸಿನಲ್ಲಿ ಫೋನಿನಲ್ಲಿ ಕಪ್ಪು ಕಡೆಯಿಂದಲೇ ಆಡತೊಡಗಿದೆ. ವಿಡಿಯೋ ನಿಲ್ಲಿಸಿ ಪ್ರತಿ ನಡೆಗೂ ಯಾಕೆ ಅಂತ ಕೇಳಿಕೊಳ್ಳುತ್ತಿದ್ದೆ. ಸತ್ತೇಗಾಲದಿಂದ ಕೊಳ್ಳೇಗಾಲಕ್ಕೆ ಬರುವಷ್ಟರಲ್ಲಿ ಒಂದು ನಡೆಗೂ ಉತ್ತರ ಸಿಗದ ದಿನಗಳೇ ಹೆಚ್ಚು. ಆದರೆ ಆ ಬಯಲಿನ ರಾಜನ ಜೊತೆ ನಿಲ್ಲುವುದು ಅಭ್ಯಾಸ ಆಗುತ್ತಾ ಬಂತು. ಅವನಿಗೆ ಓಡುವುದು ಬೇಕಿಲ್ಲ, ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು ಅಂತ ಒಂದು ದಿನ ಹೊಳೆಯಿತು.

ಅಷ್ಟರಲ್ಲಿ ಎಲ್ಲ ಅಂಗಡಿಗೂ ಕರೆಂಟಿನ ತಕ್ಕಡಿ ಬಂದಿತ್ತು. ಅವರ ಅಂಗಡಿಯಲ್ಲಿ ನೇತಾಡುವ ದಂಡಗಳು ಕಮ್ಮಿಯಾಗುತ್ತಾ ಬಂದವು. "ಕೆಂಪ್ ನಂಬರ್ ತೋರಿಸ್ತದೆ, ಒಳ್ಗಡೆ ಏನ್ ನಡೀತದೆ ತೋರ್ಸಲ್ಲ," ಅನ್ನುತ್ತಿದ್ದರು. ಕೆಮ್ಮು ಶುರುವಾಗಿತ್ತು. ಡಾಕ್ಟರ್ ಬರೆದುಕೊಟ್ಟ ಮಾತ್ರೆಯ ಚೀಟಿಯನ್ನು ಎರಡು ಮೆಡಿಕಲ್ ಅಂಗಡಿಯಲ್ಲಿ ತೋರಿಸಿ, ಇಬ್ಬರೂ ಒಂದೇ ಮಾತ್ರೆ ಕೊಟ್ಟ ಮೇಲೆ ನುಂಗುತ್ತಿದ್ದರು.

ಅವರು ಕೊನೆಯ ಸಲ ಬಂದ ಮಧ್ಯಾಹ್ನ ಕರೆಂಟ್ ಇರಲಿಲ್ಲ, ಮಿಷಿನ್ ನಿಂತಿತ್ತು. ಬೋರ್ಡ್ ಬಿಚ್ಚಲು ಬೆರಳು ನಡುಗುತ್ತಿತ್ತು. ಕುದುರೆ ಬೀಳಿಸಿದರು. ರಾಜನಿಂದ ಹೊಡೆದೆ. ಮಂತ್ರಿ ಚೆಕ್. ಬಯಲಿಗೆ ನಡೆದೆ. ಅವರ ಎರಡನೇ ಕುದುರೆ ಬಂತು. ಕಟ್ಟಿದ ಕುದುರೆಯನ್ನು ಮುಟ್ಟದೆ, ಅದರ ಬೆನ್ನಿಗೆ ನನ್ನ ಇನ್ನೊಂದು ಕುದುರೆಯನ್ನು ತಂದು ನಿಲ್ಲಿಸಿದೆ. ಅವರು ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಬಗ್ಗಿದರು. ಅವರು ಒಂಟೆ ತಂದರು, ಆನೆ ತಂದರು, ನಡುವಿನ ಸೈನಿಕರನ್ನು ಒಡೆದರು. ನನ್ನ ರಾಜ ಅಲ್ಲೇ ಇದ್ದ. ಒಂದೊಂದೇ ಕಾಯಿ ಅದಲುಬದಲಾಗಿ ಹೋದವು. ಬೋರ್ಡ್ ಖಾಲಿಯಾಗುತ್ತಾ ಬಂದ ಹಾಗೆ, ಅವರು ಮೊದಲಲ್ಲಿ ಪುಕ್ಕಟೆ ಕೊಟ್ಟಿದ್ದ ಆ ಒಂದು ಕುದುರೆಯಷ್ಟು ನಾನು ಹೆಚ್ಚಾಗಿ ಉಳಿದೆ. ಅವರ ಹತ್ತಿರ ಒಬ್ಬ ರಾಜ, ಇಬ್ಬರು ಸೈನಿಕರು.

ಅವರು ಹಿಂದಕ್ಕೆ ಒರಗಿದರು. ಭೇಷ್ ಅನ್ನುತ್ತಾರಾ ಅಂತ ಕಾದೆ. ಅವರು ಮೊದಲು ಕೌಂಟರಿನ ಆಚೆ ತುದಿಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ನನ್ನ ಫೋನ್ ನೋಡಿದರು. ಆಮೇಲೆ ಕೌಂಟರಿನ ಕೆಳಗೆ ಬಗ್ಗಿ ನೋಡಿದರು. ನನ್ನ ಹಿಂದಿನ ಗೋಡೆ ನೋಡಿದರು. ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆದರು.

"ಎಲ್ಲಿ, ಕೂದ್ಲು ಸರಿಸು. ಕಿವಿ ತೋರ್ಸು."

"ಏನ್ ಸಾ?"

"ಕಿವಿಲಿ ಏನೋ ಮಿಷಿನ್ ಇಟ್ಕಂಡ್ ಆಡ್ತಾರಂತಲ್ಲ ಈಗ. ತೋರ್ಸವ್ವ."

ಜಡೆ ಎತ್ತಿ ಹಿಡಿದು ಎಡಗಿವಿ ತೋರಿಸಿದೆ. ಕೆಮ್ಮು ತಡೆದುಕೊಂಡು ಹತ್ತಿರ ಬಂದು ನೋಡಿದರು. ಬಲಗಿವಿ ತೋರಿಸಿದೆ. ಅದನ್ನೂ ನೋಡಿದರು, ಓಲೆಯ ಹಿಂಬದಿಯನ್ನೂ ಬಿಡಲಿಲ್ಲ. ನನಗೆ ನಗು ಉಕ್ಕಿ ಬರುತ್ತಿತ್ತು, ಕಣ್ಣೂ ಒದ್ದೆಯಾಗುತ್ತಿತ್ತು. ಅಲುಗಾಡಲಿಲ್ಲ.

"ಏನೂ ಇಲ್ಲ," ಅಂತ ತಮಗೇ ಹೇಳಿಕೊಂಡು, ಕೂತು, ತಮ್ಮ ರಾಜನನ್ನು ಒಂದು ಬೆರಳಿನಿಂದ ಮೆಲ್ಲಗೆ ಮಲಗಿಸಿದರು.